ನೆಲದಡಿಯ ನೀರಿಗೆ ಮತದಾರರ ಒಪ್ಪಿಗೆ: ಟೆಕ್ಸಾಸ್‌ನ ಅಂತರ್ಜಲ ಜಿಲ್ಲೆಗಳು



ನೀರಿನ ವಿಷಯ ಮಾತನಾಡಬೇಕು ಎಂದು ಸಂಘಟಕರು ಕೇಳಿಕೊಂಡರು. ಯಾವ ನೀರು, ಎಲ್ಲಿಯ ನೀರು ಎಂಬುದನ್ನು ನನಗೇ ಬಿಟ್ಟರು. ಆ ಔದಾರ್ಯಕ್ಕೆ ಋಣಿ. ಕೆರೆಕಟ್ಟೆಗಳ ಗತವೈಭವವನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಈ ವೇದಿಕೆಯಲ್ಲಿ ಕಷ್ಟವೇನಲ್ಲ. ನಾನು ಆರಿಸಿಕೊಂಡಿರುವುದು ಅದಕ್ಕಿಂತ ಇರಿಸುಮುರಿಸಿನ ಪ್ರಶ್ನೆ. ನನ್ನ ಹೊಲದ ಬೋರ್‌ವೆಲ್‌ನಿಂದ ನಾನು ಎಷ್ಟು ನೀರು ಎತ್ತಬಹುದು ಎಂದು ಹೇಳುವ ಅಧಿಕಾರ ಯಾರಿಗಿದೆ? ಯಾರಿಗೂ ಇಲ್ಲ ಎಂದರೆ ಪಕ್ಕದವನ ಬಾವಿ ಬತ್ತುತ್ತದೆ. ಸರ್ಕಾರಕ್ಕಿದೆ ಎಂದರೆ ರೈತ ಸಿಡಿದೇಳುತ್ತಾನೆ. ಈ ಎರಡರ ನಡುವೆ ಮೂರನೆಯ ದಾರಿಯೊಂದನ್ನು ಅಮೆರಿಕದ ಟೆಕ್ಸಾಸ್ ರಾಜ್ಯ ಏಳು ದಶಕಗಳಿಂದ ಪ್ರಯೋಗಿಸುತ್ತಾ ಬಂದಿದೆ. ಊರಿನವರೇ ಮತ ಹಾಕಿ ತಮ್ಮ ಅಂತರ್ಜಲಕ್ಕೊಂದು ಮಂಡಳಿಯನ್ನು ಕಟ್ಟಿಕೊಳ್ಳುವುದು, ಆ ಮಂಡಳಿಯ ಮಾತಿಗೆ ತಾವೇ ತಲೆಬಾಗುವುದು.

ಆ ಮಂಡಳಿಯ ವ್ಯಾಪ್ತಿಯನ್ನು ಅಲ್ಲಿ 'ಅಂತರ್ಜಲ ಸಂರಕ್ಷಣಾ ಜಿಲ್ಲೆ' ಎನ್ನುತ್ತಾರೆ. ಇದು ಜಿಲ್ಲಾಧಿಕಾರಿ ಇರುವ ಕಂದಾಯ ಜಿಲ್ಲೆಯಲ್ಲ. ಅಲ್ಲಿನ ಕಂದಾಯ ಘಟಕದ ಹೆಸರು ಕೌಂಟಿ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ. ಅಂತರ್ಜಲ ಜಿಲ್ಲೆಗಳು ಸುಮಾರು ನೂರು. ಈ ನೂರು ಜಿಲ್ಲೆಗಳು ಹೇಗೆ ಹುಟ್ಟಿದವು, ಎಲ್ಲಿ ಗೆದ್ದವು, ಎಲ್ಲಿ ಎಡವಿದವು ಎಂಬುದು ಇಂದಿನ ಉಪನ್ಯಾಸದ ವಸ್ತು.

1. ರೈಲ್ವೆಯ ಬಾವಿ

ಕಥೆ ಶುರುವಾಗುವುದು 1901ರಲ್ಲಿ, ಉತ್ತರ ಟೆಕ್ಸಾಸ್‌ನ ಡೆನಿಸನ್ ಪಟ್ಟಣದಲ್ಲಿ. ಹ್ಯೂಸ್ಟನ್ ಆ್ಯಂಡ್ ಟೆಕ್ಸಾಸ್ ಸೆಂಟ್ರಲ್ ರೈಲ್ವೆ ಕಂಪನಿ ತನ್ನ ಜಾಗದಲ್ಲಿ 20 ಅಡಿ ಅಗಲ, 66 ಅಡಿ ಆಳದ ಬಾವಿ ತೋಡಿಸಿತು. ಉಗಿಬಂಡಿಗಳಿಗೆಂದು, ವರ್ಕ್‌ಶಾಪಿಗೆಂದು ದಿನಕ್ಕೆ 25,000 ಗ್ಯಾಲನ್, ಅಂದರೆ ಸುಮಾರು 95,000 ಲೀಟರ್ ನೀರನ್ನು ಪಂಪು ಮಾಡತೊಡಗಿತು. ಹತ್ತಿರದಲ್ಲೇ ಈಸ್ಟ್ ಎಂಬ ಗೃಹಸ್ಥನ ಮನೆ. ಅವನ ಮನೆಬಳಕೆಯ ಬಾವಿ ಐದು ಅಡಿ ಅಗಲ, 33 ಅಡಿ ಆಳದ್ದು. ಅದು ಬತ್ತಿಹೋಯಿತು.

ಈಸ್ಟ್ ಕೋರ್ಟಿಗೆ ಹೋದ. ಕೆಳ ನ್ಯಾಯಾಲಯ ರೈಲ್ವೆಯ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯಲ್ಲಿ ಅವನಿಗೆ 206 ಡಾಲರ್ 25 ಸೆಂಟ್ ಪರಿಹಾರ ಸಿಕ್ಕಿತು. 1904ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನೂ ರದ್ದು ಮಾಡಿತು. ತನ್ನ ನೆಲದಡಿಯಿಂದ ಯಾರು ಎಷ್ಟು ನೀರೆತ್ತಿದರೂ, ಪಕ್ಕದವನಿಗೆ ಕೇಡು ಬಯಸಿಯೋ ಸುಮ್ಮನೆ ಪೋಲು ಮಾಡಲೋ ಎತ್ತದಿದ್ದರೆ, ಅದು ತಪ್ಪಲ್ಲ ಎಂದಿತು. ಇದಕ್ಕೆ ಆಧಾರವಾಗಿ ನ್ಯಾಯಾಲಯ ಇಟ್ಟುಕೊಂಡದ್ದು 1843ರ ಒಂದು ಇಂಗ್ಲಿಷ್ ತೀರ್ಪು, 1861ರ ಓಹಾಯೊ ರಾಜ್ಯದ ಇನ್ನೊಂದು ತೀರ್ಪು. ನೆಲದಡಿಯ ನೀರಿನ ಚಲನೆ ಎಷ್ಟು ಗುಪ್ತವಾದದ್ದೆಂದರೆ ಅದಕ್ಕೆ ಕಾನೂನು ಹೆಣೆಯುವುದೇ ಅಸಾಧ್ಯ ಎಂಬುದು ಓಹಾಯೊ ತೀರ್ಪಿನ ತಿರುಳು.

ಇದಕ್ಕೆ ಅಲ್ಲಿನ ವಕೀಲರು 'ಹಿಡಿದವನದೇ ನೀರು' ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಕೇಳಲು ಎಲ್ಲರಿಗೂ ಸಮಾನ ಸ್ವಾತಂತ್ರ್ಯ ಕೊಟ್ಟಂತಿದೆ. ವಾಸ್ತವದಲ್ಲಿ ಇದು ದೊಡ್ಡ ಪಂಪಿನ ಕಾನೂನು. ಆಳಕ್ಕೆ ಕೊರೆಸಲು ಯಾರ ಬಳಿ ದುಡ್ಡಿದೆಯೋ ಅವರ ಪಾಲಿನ ನ್ಯಾಯ. ಐದಡಿ ಅಗಲದ ಬಾವಿಯವನಿಗೂ ಇಪ್ಪತ್ತಡಿ ಅಗಲದ ಬಾವಿಯವರಿಗೂ ಒಂದೇ ಹಕ್ಕು ಎಂದ ಮೇಲೆ, ಐದಡಿಯವನ ಹಕ್ಕು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

1950ರ ದಶಕದಲ್ಲಿ ಪಶ್ಚಿಮ ಟೆಕ್ಸಾಸ್‌ನ ಫೋರ್ಟ್ ಸ್ಟಾಕ್‌ಟನ್ ಊರು ಇದರ ಪೂರ್ಣ ಬೆಲೆ ತೆತ್ತಿತು. ಅಲ್ಲಿನ ಕೊಮಾಂಚಿ ಬುಗ್ಗೆಗಳ ನೀರನ್ನು ಕಾಲುವೆಯಲ್ಲಿ ಹರಿಸಿಕೊಂಡು ರೈತರು ತಲೆಮಾರುಗಳಿಂದ ಬೆಳೆ ತೆಗೆಯುತ್ತಿದ್ದರು. ಮೇಲ್ಭಾಗದ ಜಮೀನುಗಳಲ್ಲಿ ಪಂಪುಗಳು ಬಂದವು, ಬುಗ್ಗೆಗಳು ಸೊರಗಿದವು. 1954ರಲ್ಲಿ ನೀರಾವರಿ ಸಂಸ್ಥೆಯ ದಾವೆ ಬಿದ್ದುಹೋಯಿತು. ಕಾರಣ ಅದೇ 1904ರ ತತ್ವ. ಕೆಲವೇ ವರ್ಷಗಳಲ್ಲಿ ಬುಗ್ಗೆಗಳ ನಿತ್ಯದ ಹರಿವು ನಿಂತಿತು.

2. ಬರ ಬಂದಾಗ ಹುಟ್ಟಿದ ಒಪ್ಪಂದ

1910ರ ಮತ್ತು 1917ರ ಬರಗಳ ನಂತರ ಟೆಕ್ಸಾಸ್ ಜನ ತಮ್ಮ ರಾಜ್ಯ ಸಂವಿಧಾನಕ್ಕೆ ಒಂದು ತಿದ್ದುಪಡಿ ತಂದುಕೊಂಡಿದ್ದರು. ನೈಸರ್ಗಿಕ ಸಂಪತ್ತಿನ ರಕ್ಷಣೆ ಸಾರ್ವಜನಿಕ ಹೊಣೆ, ಅದಕ್ಕಾಗಿ ಶಾಸಕಾಂಗ ಕಾನೂನು ಮಾಡಬೇಕು ಎಂದು ಅದು ಸಾರಿತು. ಆದರೆ ಅಂತರ್ಜಲವನ್ನು ಮುಟ್ಟುವ ಧೈರ್ಯ ಶಾಸಕರಿಗೆ ಬರಲು ಮೂರು ದಶಕ ಹಿಡಿಯಿತು.

ಒತ್ತಡ ಬಂದದ್ದು ವಾಯವ್ಯದ ಎತ್ತರದ ಬಯಲಿನಿಂದ. ಲಬ್ಬಕ್ ಸುತ್ತಲಿನ ಆ ಬಯಲಿನಡಿ ಓಗಲಾಲಾ ಎಂಬ ಜಲಧರವಿದೆ. ಎಂಟು ರಾಜ್ಯಗಳ ಕೆಳಗೆ ಹರಡಿದ ಮರಳು, ಜಲ್ಲಿಯ ಪದರ ಅದು. ಟೆಕ್ಸಾಸ್ ಭಾಗದಲ್ಲಿ ಮಳೆ ಕಡಿಮೆ, ಇಂಗುವುದು ಇನ್ನೂ ಕಡಿಮೆ. ಎರಡನೆಯ ಮಹಾಯುದ್ಧದ ನಂತರ ಅಗ್ಗದ ಇಂಧನವೂ ಟರ್ಬೈನ್ ಪಂಪುಗಳೂ ಸಿಕ್ಕಿದ್ದೇ ತಡ, ಗಾಳಿಯಂತ್ರದಲ್ಲಿ ದನಗಳಿಗೆ ನೀರೆತ್ತುತ್ತಿದ್ದ ಬಯಲು ಹತ್ತಿಯ ಹೊಲವಾಯಿತು. ನೀರಿನ ಮಟ್ಟ ಇಳಿಯತೊಡಗಿತು. ಮಟ್ಟ ಇಳಿಯುತ್ತಿರುವುದು ರೈತರಿಗೆ ಗೊತ್ತಿತ್ತು. ಆದರೆ ರಾಜಧಾನಿ ಆಸ್ಟಿನ್‌ನಲ್ಲಿ ಕುಳಿತ ಅಧಿಕಾರಿ ತಮ್ಮ ಬಾವಿಗೆ ಬೀಗ ಹಾಕುತ್ತಾನೆ ಎಂಬ ಭಯ ನೀರಿಳಿಯುವ ಭಯಕ್ಕಿಂತ ದೊಡ್ಡದಾಗಿತ್ತು.

1949ರ ಕಾಯ್ದೆ ಈ ಎರಡು ಭಯಗಳ ನಡುವಣ ರಾಜಿ. ನೀರಿನ ಮೇಲಿನ ಭೂಮಾಲೀಕರ ಹಕ್ಕನ್ನು ಅದು ಒಪ್ಪಿತು. ಜೊತೆಗೆ, ಸ್ಥಳೀಯರು ಬಯಸಿದರೆ ತಮ್ಮದೇ ಜಿಲ್ಲೆಯನ್ನು ರಚಿಸಿಕೊಂಡು ತಾವೇ ನಿಯಮ ಮಾಡಿಕೊಳ್ಳಬಹುದು ಎಂದಿತು. ಕಡಿವಾಣ ಬೇಕೇ ಬೇಕು ಎಂದಾದರೆ ಅದರ ಹಗ್ಗ ನಮ್ಮ ಊರಿನವರ ಕೈಯಲ್ಲೇ ಇರಲಿ ಎಂಬುದು ರೈತರ ಲೆಕ್ಕಾಚಾರ. 1951ರಲ್ಲಿ ಲಬ್ಬಕ್ ಕೇಂದ್ರವಾಗಿ ಮೊದಲ ಜಿಲ್ಲೆ ಮತದಾರರ ಒಪ್ಪಿಗೆ ಪಡೆದು ಹುಟ್ಟಿತು. 'ಹೈ ಪ್ಲೇನ್ಸ್ ಅಂತರ್ಜಲ ಸಂರಕ್ಷಣಾ ಜಿಲ್ಲೆ ನಂ. 1' ಎಂದು ಅದರ ಹೆಸರು. ಒಪ್ಪಿದವರು ಒಳಗೆ ಬಂದರು, ಒಪ್ಪದವರು ಹೊರಗುಳಿದರು. ಅಷ್ಟರಲ್ಲಿ ಏಳು ವರ್ಷಗಳ ಮಹಾ ಬರ ಶುರುವಾಗಿತ್ತು. 1957ರಲ್ಲಿ ಅದು ಮುಗಿಯುವ ಹೊತ್ತಿಗೆ 254ರ ಪೈಕಿ 244 ಕೌಂಟಿಗಳು ವಿಪತ್ತುಪೀಡಿತ ಎಂದು ಘೋಷಿತವಾಗಿದ್ದವು. ಇಂದಿಗೂ ಟೆಕ್ಸಾಸ್ ತನ್ನ ನೀರಿನ ಯೋಜನೆಗಳನ್ನು ಅಳೆಯುವುದು ಆ ಬರದ ಅಳತೆಗೋಲಿನಿಂದಲೇ.

ಮೊದಲ ಜಿಲ್ಲೆ ಮಾಡಿದ ಕೆಲಸಗಳು ಸಾಧಾರಣ, ಆದರೆ ಉಪಯುಕ್ತ. ಬಾವಿಯಿಂದ ಬಾವಿಗೆ ಇಷ್ಟು ಅಂತರವಿರಬೇಕು ಎಂದಿತು. ಹೊಲದ ಕೊನೆಯಲ್ಲಿ ಚರಂಡಿಗೆ ಹರಿದು ಪೋಲಾಗುವ ನೀರನ್ನು ತಡೆಯಿತು. ಆಯ್ದ ಬಾವಿಗಳಲ್ಲಿ ವರ್ಷವರ್ಷವೂ ಮಟ್ಟ ಅಳೆದು ಪ್ರಕಟಿಸಿತು. ನ್ಯಾಯಾಲಯ 'ಗುಪ್ತ' ಎಂದು ಕೈಬಿಟ್ಟಿದ್ದನ್ನು ರೈತರ ಮಂಡಳಿಯೊಂದು ದಾರ ಇಳಿಬಿಟ್ಟು ಅಳೆಯತೊಡಗಿತು.

3. ಜಿಲ್ಲೆ ಹುಟ್ಟುವ ಬಗೆ

ಈಗಿನ ಕಾನೂನು ಟೆಕ್ಸಾಸ್ ಜಲ ಸಂಹಿತೆಯ 36ನೆಯ ಅಧ್ಯಾಯದಲ್ಲಿದೆ. ಜಿಲ್ಲೆ ಹುಟ್ಟಲು ಹಲವು ಬಾಗಿಲುಗಳಿವೆ. ಶಾಸಕಾಂಗವೇ ವಿಶೇಷ ಕಾಯ್ದೆ ಮಾಡಿ ರಚಿಸುವುದು ಹೆಚ್ಚು ಬಳಕೆಯಲ್ಲಿರುವ ಬಾಗಿಲು. ಭೂಮಾಲೀಕರು ಸಹಿ ಹಾಕಿ ರಾಜ್ಯದ ಪರಿಸರ ಆಯೋಗಕ್ಕೆ ಮನವಿ ಸಲ್ಲಿಸುವುದು ಇನ್ನೊಂದು. ನೀರಿನ ಪರಿಸ್ಥಿತಿ ಕೈಮೀರುತ್ತಿದೆ ಎಂದು ಆಯೋಗವೇ ಒಂದು ಪ್ರದೇಶವನ್ನು 'ಆದ್ಯತೆಯ ವಲಯ' ಎಂದು ಗುರುತಿಸುವುದು ಮತ್ತೊಂದು. ಪಕ್ಕದಲ್ಲಿ ಈಗಾಗಲೇ ಇರುವ ಜಿಲ್ಲೆಗೆ ಸೇರಿಕೊಳ್ಳಲೂಬಹುದು.

ಸಾಮಾನ್ಯ ಕ್ರಮದಲ್ಲಿ ಮೊದಲು ತಾತ್ಕಾಲಿಕ ನಿರ್ದೇಶಕರು ನೇಮಕವಾಗುತ್ತಾರೆ. ಅವರ ಮುಖ್ಯ ಕೆಲಸ ಚುನಾವಣೆ ಕರೆಯುವುದು. ಮತಪತ್ರದಲ್ಲಿ ಮೊದಲ ಪ್ರಶ್ನೆ: ಈ ಜಿಲ್ಲೆ ಬೇಕೇ, ಬೇಡವೇ? ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು 'ಬೇಕು' ಎಂದರೆ ಜಿಲ್ಲೆ ಊರ್ಜಿತ. ಆಸ್ತಿ ತೆರಿಗೆ ಹಾಕುವುದಿದ್ದರೆ ಅದಕ್ಕೂ ಮತದಾರರ ಒಪ್ಪಿಗೆ ಬೇಕು. ಆ ಬಳಿಕ ಜಿಲ್ಲೆಯನ್ನು ನಡೆಸುವುದು ನಾಲ್ಕು ವರ್ಷದ ಅವಧಿಗೆ ಆಯ್ಕೆಯಾಗುವ ಐದರಿಂದ ಹನ್ನೊಂದು ಮಂದಿಯ ಮಂಡಳಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಮನವಿಗೆ ಸಹಿ ಹಾಕುವವರು ಭೂಮಾಲೀಕರು. ಮತ ಹಾಕುವವರು ಆ ಪ್ರದೇಶದಲ್ಲಿ ವಾಸಿಸುವ ನೋಂದಾಯಿತ ಮತದಾರರು. ಬಾವಿಯೇ ಇಲ್ಲದ ಬಾಡಿಗೆದಾರನಿಗೂ ಒಂದು ಮತ, ಸಾವಿರ ಎಕರೆಯ ಒಡೆಯನಿಗೂ ಒಂದೇ ಮತ. ಜಮೀನು ಇಲ್ಲಿಟ್ಟು ಬೇರೆ ನಗರದಲ್ಲಿರುವವನಿಗೆ ಮತವೇ ಇಲ್ಲ. 1904ರ ತತ್ವ ನೀರನ್ನು ಪೂರ್ತಿಯಾಗಿ ನೆಲದ ಒಡೆತನಕ್ಕೆ ಕಟ್ಟಿಹಾಕಿತ್ತು. ಮತಪೆಟ್ಟಿಗೆ ಆ ಗಂಟನ್ನು ಸಡಿಲಿಸುತ್ತದೆ. ನೀರು ಕುಡಿಯುವವನಿಗೂ ನೀರಿನ ಬಗ್ಗೆ ಮಾತಾಡುವ ಹಕ್ಕಿದೆ ಎಂದು ಒಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆಯ ಅತಿ ದೊಡ್ಡ ಕೊಡುಗೆ ಇದೇ.

ಪ್ರಚಾರದ ವಾದಗಳನ್ನು ನಾವು ಇಲ್ಲಿ ಕುಳಿತೇ ಊಹಿಸಬಹುದು. ಬೇಕು ಎನ್ನುವವರು, ನಾವು ಮಾಡದಿದ್ದರೆ ಆಸ್ಟಿನ್‌ನವರು ಮಾಡುತ್ತಾರೆ, ಇಲ್ಲವೇ ದೂರದ ನಗರ ಬಂದು ಹೀರಿಕೊಂಡು ಹೋಗುತ್ತದೆ ಎನ್ನುತ್ತಾರೆ. ಬೇಡ ಎನ್ನುವವರು, ಇನ್ನೊಂದು ತೆರಿಗೆ, ಇನ್ನೊಂದು ಕಚೇರಿ, ನನ್ನ ಬಾವಿಗೆ ಮೀಟರ್ ಎನ್ನುತ್ತಾರೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ಸತ್ಯವಿದೆ.

ಊರ್ಜಿತವಾದ ಜಿಲ್ಲೆ ಬಾವಿಗಳನ್ನು ನೋಂದಾಯಿಸುತ್ತದೆ. ದೊಡ್ಡ ಬಾವಿಗಳಿಗೆ ಪರವಾನಗಿ ಕೊಡುತ್ತದೆ, ಎತ್ತುವ ಪ್ರಮಾಣಕ್ಕೆ ಮಿತಿ ಹಾಕಬಲ್ಲದು. ಮೂರು ವರ್ಷದೊಳಗೆ ನಿರ್ವಹಣಾ ಯೋಜನೆ ಬರೆದು ರಾಜ್ಯದ ಜಲ ಅಭಿವೃದ್ಧಿ ಮಂಡಳಿಯ ಒಪ್ಪಿಗೆ ಪಡೆಯಬೇಕು. ಶುಲ್ಕಕ್ಕೆ ಕಾನೂನೇ ಮೇಲ್ಮಿತಿ ಹಾಕಿದೆ. ಒಂದು ಎಕರೆ-ಅಡಿ ಎಂದರೆ ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವ ನೀರು, ಸುಮಾರು 12.3 ಲಕ್ಷ ಲೀಟರ್. ಸಾಮಾನ್ಯ ನಿಯಮದಂತೆ ಅಷ್ಟಕ್ಕೆ ಕೃಷಿಗಾದರೆ ವರ್ಷಕ್ಕೆ ಒಂದು ಡಾಲರ್, ಬೇರೆ ಬಳಕೆಗಾದರೆ ಹತ್ತು ಡಾಲರ್ ಮೀರುವಂತಿಲ್ಲ.

ವಿನಾಯಿತಿಯೂ ಉಂಟು. ಹತ್ತು ಎಕರೆಗಿಂತ ದೊಡ್ಡ ಜಮೀನಿನಲ್ಲಿ ಮನೆಬಳಕೆಗೆ, ದನಕರುಗಳಿಗೆ ತೋಡಿದ ಬಾವಿ ದಿನಕ್ಕೆ 25,000 ಗ್ಯಾಲನ್‌ಗಿಂತ ಹೆಚ್ಚು ಎತ್ತುವ ಸಾಮರ್ಥ್ಯದ್ದಲ್ಲದಿದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. ಈ ಅಂಕಿಯನ್ನು ಮತ್ತೊಮ್ಮೆ ಗಮನಿಸಿ. ಡೆನಿಸನ್‌ನಲ್ಲಿ ರೈಲ್ವೆ ಎತ್ತುತ್ತಿದ್ದದ್ದೂ ಇಷ್ಟೇ. ಅಂದು ಒಬ್ಬನ ಬಾವಿ ಬತ್ತಿಸಿದ ಪ್ರಮಾಣ ಇಂದು ವಿನಾಯಿತಿಯ ಅಂಚು.

4. ನ್ಯಾಯಾಲಯ ಜನರ ಕಡೆ ಬೆರಳು ತೋರಿದಾಗ

1996ರಲ್ಲಿ ಪೂರ್ವ ಟೆಕ್ಸಾಸ್‌ನ ಹೆಂಡರ್ಸನ್ ಕೌಂಟಿಯಲ್ಲಿ ಓಜಾರ್ಕಾ ಎಂಬ ಹೆಸರಿನ ಬಾಟಲಿ ನೀರಿನ ಕಂಪನಿ ದಿನಕ್ಕೆ 90,000 ಗ್ಯಾಲನ್, ಸುಮಾರು 3.4 ಲಕ್ಷ ಲೀಟರ್ ಎತ್ತತೊಡಗಿತು. ತಮ್ಮ ಬಾವಿಗಳು ಬರಿದಾದವೆಂದು ನೆರೆಯವರು ದಾವೆ ಹೂಡಿದರು. ತೊಂಬತ್ತು ವರ್ಷ ದಾಟಿದ ತತ್ವವನ್ನು ಸುಪ್ರೀಂ ಕೋರ್ಟು ಈಗಲಾದರೂ ಕೈಬಿಡುತ್ತದೆಯೇ ಎಂದು ರಾಜ್ಯವಿಡೀ ಕಾದಿತ್ತು. 1999ರ ತೀರ್ಪು ಅದನ್ನು ಕೈಬಿಡಲಿಲ್ಲ. ನೀರಿನ ನಿಯಂತ್ರಣ ಶಾಸಕಾಂಗದ ಕೆಲಸ, ಅದು 1997ರಲ್ಲಷ್ಟೇ ಹೊಸ ಕಾಯ್ದೆ ಮಾಡಿದೆ, ಅದಕ್ಕೊಂದು ಅವಕಾಶ ಕೊಡೋಣ ಎಂದಿತು.

1997ರ ಆ ಕಾಯ್ದೆ ಸ್ಥಳೀಯ ಅಂತರ್ಜಲ ಜಿಲ್ಲೆಗಳೇ ರಾಜ್ಯಕ್ಕೆ ಇಷ್ಟವಾದ ನಿರ್ವಹಣಾ ವಿಧಾನ ಎಂದು ಘೋಷಿಸಿತ್ತು. ಬತ್ತಿದ ಬಾವಿಯ ಒಡೆಯನಿಗೆ ನ್ಯಾಯಾಲಯ ಹೇಳಿದ್ದರ ಸಾರಾಂಶ ಇಷ್ಟು: ಇಲ್ಲಿ ನಿನಗೆ ಪರಿಹಾರವಿಲ್ಲ, ಹೋಗಿ ಜಿಲ್ಲೆ ಕಟ್ಟಿಕೋ. ಜನ ಕಟ್ಟಿಕೊಳ್ಳತೊಡಗಿದರು. 2001ರ ಅಧಿವೇಶನದ ಹೊತ್ತಿಗೆ ಹೊಸ ಜಿಲ್ಲೆಗಳ ಸಾಲೇ ಬಂತು. ಹೆಂಡರ್ಸನ್ ಮತ್ತು ನೆರೆಯ ಎರಡು ಕೌಂಟಿಗಳನ್ನು ಸೇರಿಸಿ ನೆಚಸ್ ಮತ್ತು ಟ್ರಿನಿಟಿ ಕಣಿವೆಗಳ ಜಿಲ್ಲೆ ರಚನೆಯಾದದ್ದೂ ಆಗಲೇ.

ಆಸ್ಟಿನ್ ನಗರದ ಪಶ್ಚಿಮಕ್ಕಿರುವ ಗುಡ್ಡಗಾಡಿನ ಕಥೆ ಇನ್ನೂ ಬೋಧಪ್ರದ. ಅಲ್ಲಿ ಟ್ರಿನಿಟಿ ಎಂಬ ಸುಣ್ಣಕಲ್ಲಿನ ಜಲಧರವಿದೆ. ನಗರ ಬೆಳೆದಂತೆ ಗುಡ್ಡಗಳ ಮೇಲೆ ಬಡಾವಣೆಗಳು ಎದ್ದವು, ಮನೆಗೊಂದು ಬೋರ್‌ವೆಲ್ ಬಂತು. 1990ರಲ್ಲೇ ರಾಜ್ಯ ಆ ಗುಡ್ಡಗಾಡನ್ನು ಸಮಸ್ಯೆಯ ವಲಯವೆಂದು ಗುರುತಿಸಿತ್ತು. ಟ್ರ್ಯಾವಿಸ್ ಕೌಂಟಿಯ ನೈಋತ್ಯ ಭಾಗಕ್ಕೆ ಜಿಲ್ಲೆ ರಚಿಸುವ ಕಾಯ್ದೆ ಬಂದದ್ದು 2017ರಲ್ಲಿ. ಮತದಾರರು ಅದನ್ನು ಒಪ್ಪಿದ್ದು 2019ರ ನವೆಂಬರಿನಲ್ಲಿ. ಅಪಾಯ ಗೊತ್ತಾಗಿ ಮತ ಹಾಕುವ ಅವಕಾಶ ಸಿಗಲು 29 ವರ್ಷ. ಈ ನಡುವೆ ಕೊರೆದ ಬಾವಿಗಳನ್ನು ಯಾರೂ ವಾಪಸ್ ಮುಚ್ಚಲಾರರು. ಜನ ಹಿಂದೇಟು ಹಾಕಿದರು ಎಂದು ದೂರುವುದು ಸುಲಭ. ಜನರ ಮುಂದೆ ಪ್ರಶ್ನೆಯನ್ನೇ ಇಡದೆ ಕಾಲ ತಳ್ಳಿದ್ದು ಮೇಲಿನವರು.

5. ಮತ ಎಲ್ಲಿ ಸಾಲದು

ಈಗ ಇನ್ನೊಂದು ಮಗ್ಗುಲಿಗೆ ಬರುತ್ತೇನೆ. ಚುನಾವಣೆಯಾದ ಮಾತ್ರಕ್ಕೆ ನೀರು ಉಳಿಯುತ್ತದೆಂದು ನಂಬಿದರೆ ಮೋಸಹೋಗುತ್ತೇವೆ.

ಮೊದಲ ತೊಡಕು ಗಡಿಯದು. ಬಹಳಷ್ಟು ಜಿಲ್ಲೆಗಳು ಒಂದೇ ಕೌಂಟಿಯ ಗೆರೆಯೊಳಗಿವೆ. ಮತದಾರರ ಪಟ್ಟಿಗೆ ಅದು ಅನುಕೂಲ. ಜಲಧರಕ್ಕೆ ಕೌಂಟಿಯ ಗೆರೆ ಕಾಣುವುದಿಲ್ಲ. ಒಂದು ಜಿಲ್ಲೆ ಬಿಗಿ ನಿಯಮ ಮಾಡಿದರೆ ಪಕ್ಕದ, ಜಿಲ್ಲೆಯೇ ಇಲ್ಲದ ಜಾಗದಲ್ಲಿ ಪಂಪು ಇಳಿಯುತ್ತದೆ. ಇದನ್ನು ಸರಿಪಡಿಸಲು 2005ರ ಕಾಯ್ದೆ ಒಂದು ಹೆಜ್ಜೆ ಇಟ್ಟಿತು. ರಾಜ್ಯದ 16 ಅಂತರ್ಜಲ ನಿರ್ವಹಣಾ ಪ್ರದೇಶಗಳಲ್ಲಿ ಒಂದೇ ಪ್ರದೇಶದ ಜಿಲ್ಲೆಗಳೆಲ್ಲ ಒಟ್ಟಿಗೆ ಕುಳಿತು, ಮುಂದಿನ ದಶಕಗಳಲ್ಲಿ ತಮ್ಮ ಜಲಧರ ಯಾವ ಸ್ಥಿತಿಯಲ್ಲಿರಬೇಕು ಎಂಬ ಗುರಿಯನ್ನು ನಿಗದಿಮಾಡಬೇಕು. ಐದು ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಬೇಕು.

ಎರಡನೆಯ ತೊಡಕು ಕೈಯಲ್ಲಿ ಕಾಸಿಲ್ಲದ್ದು. ಆಸ್ಟಿನ್ ನೈಋತ್ಯದ ವಿಂಬರ್ಲಿ ಊರಿನ ಬಳಿ 'ಜೇಕಬ್ಸ್ ವೆಲ್' ಎಂಬ ಆಳವಾದ ಬುಗ್ಗೆಯಿದೆ. ದಾಖಲೆ ಇರುವ ಕಾಲದಿಂದ ಹರಿಯುತ್ತಿದ್ದ ಅದು 2000ನೆಯ ಇಸವಿಯಲ್ಲಿ ಮೊದಲ ಬಾರಿಗೆ ನಿಂತಿತು, ಆಮೇಲೂ ಹಲವು ಸಲ ನಿಂತಿದೆ. ಆ ಸೀಮೆಯ ಹೇಸ್ ಟ್ರಿನಿಟಿ ಜಿಲ್ಲೆಯನ್ನು 2003ರಲ್ಲಿ ಮತದಾರರು ಒಪ್ಪಿದರು. ಆದರೆ ಅದನ್ನು ರಚಿಸಿದ ಕಾಯ್ದೆ ತೆರಿಗೆ ಹಾಕುವ ಅಧಿಕಾರವನ್ನೂ ಎತ್ತಿದ ನೀರಿಗೆ ಶುಲ್ಕ ವಿಧಿಸುವ ಅಧಿಕಾರವನ್ನೂ ಕೊಡಲಿಲ್ಲ. ಜನ ಕಾವಲುಗಾರನನ್ನು ಆರಿಸಿದರು, ಅವನ ಸಂಬಳಕ್ಕೆ ದಾರಿ ಇಡಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಮಂಡಳಿಯನ್ನು ಆರಿಸುವವರೇ ನೀರೆತ್ತುವವರು. 2011ರಲ್ಲಿ, ಮೊಟ್ಟಮೊದಲ ಜಿಲ್ಲೆಯಾದ ಹೈ ಪ್ಲೇನ್ಸ್, ಐವತ್ತು ವರ್ಷಗಳ ನಂತರವೂ ಓಗಲಾಲಾದ ಅರ್ಧ ನೀರಾದರೂ ಉಳಿಯಬೇಕೆಂಬ ಗುರಿಗೆ ತಕ್ಕಂತೆ ನಿಯಮ ಮಾಡಿತು. ಬಾವಿಗಳಿಗೆ ಮೀಟರ್, ಎಕರೆಗೆ ವರ್ಷಕ್ಕೆ 21 ಇಂಚು ನೀರಿನ ಮಿತಿ. ಅದೇ ವರ್ಷ ಟೆಕ್ಸಾಸ್ ಇತಿಹಾಸದ ಅತಿ ಕಠೋರ ಏಕವರ್ಷದ ಬರ. ರೈತರ ಆಕ್ರೋಶ ಕಟ್ಟೆಯೊಡೆಯಿತು. 2012ರಲ್ಲಿ ಮಂಡಳಿ ದಂಡದ ಜಾರಿಯನ್ನು ತಡೆಹಿಡಿಯಿತು. ಅರವತ್ತು ವರ್ಷಗಳ ಅನುಭವವಿದ್ದ ಜಿಲ್ಲೆಗೂ ಮೀಟರಿನ ಮಾತೆತ್ತಿದೊಡನೆ ಉಸಿರು ಕಟ್ಟಿತು. ಆದರೂ ಒಂದನ್ನು ಗಮನಿಸಬೇಕು. ಆ ಜಗಳ ನಡೆದದ್ದು ಲಬ್ಬಕ್‌ನ ಸಭಾಂಗಣದಲ್ಲಿ, ಮುಖಾಮುಖಿ. ಸೋತ ನಿಯಮವನ್ನೂ ಎಲ್ಲರೂ ಓದಿದ್ದರು, ಅಂಕಿಗಳ ಮೇಲೆ ವಾದಿಸಿದ್ದರು. ಇನ್ನೊಂದು ದಿನ ಅದೇ ಪ್ರಶ್ನೆ ಮತ್ತೆ ಎದ್ದಾಗ ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ನಾಲ್ಕನೆಯದು, 'ಸ್ಥಳೀಯ' ಎಂದಾಕ್ಷಣ 'ನಮ್ಮದು' ಎಂದಾಗುವುದಿಲ್ಲ. ಮಧ್ಯ ಟೆಕ್ಸಾಸ್‌ನ ಪೋಸ್ಟ್ ಓಕ್ ಸವಾನಾ ಜಿಲ್ಲೆಯನ್ನು 2002ರಲ್ಲಿ ಮತದಾರರು ಒಪ್ಪಿದ್ದರು. ಅದರ ವ್ಯಾಪ್ತಿಯ ಬರ್ಲಿಸನ್ ಕೌಂಟಿಯಿಂದಲೇ ಇಂದು 142 ಮೈಲಿ ಉದ್ದದ ವಿಸ್ಟಾ ರಿಡ್ಜ್ ಕೊಳವೆಮಾರ್ಗ ಸ್ಯಾನ್ ಆಂಟೋನಿಯೊ ನಗರಕ್ಕೆ ನೀರೊಯ್ಯುತ್ತಿದೆ. 2020ರಲ್ಲಿ ನೀರು ಹರಿಯತೊಡಗಿತು. ವರ್ಷಕ್ಕೆ 50,000 ಎಕರೆ-ಅಡಿಯ ಒಪ್ಪಂದ. ಪರವಾನಗಿ ಕೊಟ್ಟದ್ದು ಅದೇ ಜಿಲ್ಲೆ. ನೀರು ಮಾರುವ ಭೂಮಾಲೀಕರೂ ಅಲ್ಲಿನವರೇ, ಬಾವಿಯ ಮಟ್ಟ ಇಳಿದು ಕಂಗಾಲಾದವರೂ ಅಲ್ಲಿನವರೇ.

ಇನ್ನು ಮತದಾನದ ಅಣಕವೂ ನಡೆದದ್ದುಂಟು. ಎಣ್ಣೆ ವ್ಯಾಪಾರದಲ್ಲಿ ಕೋಟ್ಯಧಿಪತಿಯಾದ ಟಿ. ಬೂನ್ ಪಿಕನ್ಸ್ ಉತ್ತರದ ರಾಬರ್ಟ್ಸ್ ಕೌಂಟಿಯ ಓಗಲಾಲಾ ನೀರನ್ನು ಕೊಳವೆಯಲ್ಲಿ ದೂರದ ನಗರಗಳಿಗೆ ಮಾರುವ ಯೋಜನೆ ಹಾಕಿದ್ದರು. ಕೊಳವೆಗೆ ಜಮೀನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಬೇಕಿತ್ತು. ಅದಕ್ಕೆಂದು ಕೆಲವೇ ಎಕರೆಯ ಒಂದು 'ಸಿಹಿನೀರು ಪೂರೈಕೆ ಜಿಲ್ಲೆ' ರಚನೆಯಾಯಿತು. ಇದು ನಾವು ಮಾತಾಡುತ್ತಿರುವ ಸಂರಕ್ಷಣಾ ಜಿಲ್ಲೆಯಲ್ಲ, ಬೇರೆ ಬಗೆಯದು. ಆದರೆ ಇದಕ್ಕೂ ಮತದಾರರ ಒಪ್ಪಿಗೆ ಬೇಕು. 2007ರ ನವೆಂಬರಿನಲ್ಲಿ ಚುನಾವಣೆ ನಡೆಯಿತು. ಮತದಾರರು ಇಬ್ಬರು. ಇಬ್ಬರೂ ಪಿಕನ್ಸ್ ಅವರ ರ‍್ಯಾಂಚಿನವರು. ಫಲಿತಾಂಶ 2-0. ಕೊಳವೆ ಕೊನೆಗೂ ಬರಲಿಲ್ಲ. 2011ರಲ್ಲಿ ಪಿಕನ್ಸ್ ಅವರ ಕಂಪನಿ ನೀರಿನ ಹಕ್ಕುಗಳನ್ನು ಆ ಭಾಗದ ನಗರಗಳ ಜಲ ಪ್ರಾಧಿಕಾರಕ್ಕೆ 10.3 ಕೋಟಿ ಡಾಲರಿಗೆ ಮಾರಿತು. ಯಾರು ಮತ ಹಾಕುತ್ತಾರೆ, ಗೆರೆ ಎಳೆದವರು ಯಾರು ಎಂದು ಕೇಳದೆ 'ಜನ ಒಪ್ಪಿದ್ದಾರೆ' ಎಂಬ ಮಾತನ್ನು ನಂಬಬಾರದು.

6. ಮತವಿಲ್ಲದೆ ಬಂದ ಕಡಿವಾಣ

ಎಲ್ಲ ಕಡಿವಾಣವೂ ಮತದಿಂದಲೇ ಬಂದದ್ದಲ್ಲ. ಸ್ಯಾನ್ ಆಂಟೋನಿಯೊ ನಗರ ಎಡ್ವರ್ಡ್ಸ್ ಜಲಧರವನ್ನೇ ನಂಬಿ ಬೆಳೆದದ್ದು. ಅದರ ಕೊಮಾಲ್, ಸ್ಯಾನ್ ಮಾರ್ಕೋಸ್ ಬುಗ್ಗೆಗಳಲ್ಲಿ ಬೇರೆಲ್ಲೂ ಸಿಗದ ಪುಟ್ಟ ಮೀನು, ಉಭಯವಾಸಿಗಳಿವೆ. ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ ಅಳಿವಿನಂಚಿನ ಜೀವಿಗಳ ಕೇಂದ್ರ ಕಾನೂನಿನಡಿ ದಾವೆ ಹೂಡಿತು. 1993ರಲ್ಲಿ ಕೇಂದ್ರ ನ್ಯಾಯಾಧೀಶ ಲೂಷಿಯಸ್ ಬಂಟನ್, ರಾಜ್ಯ ತಾನಾಗಿ ಕ್ರಮ ಕೈಗೊಳ್ಳದಿದ್ದರೆ ಕೇಂದ್ರ ಕೈಹಾಕಬೇಕಾಗುತ್ತದೆ ಎಂಬ ಸ್ಥಿತಿ ತಂದರು. ಶಾಸಕಾಂಗ ಅದೇ ವರ್ಷ ಎಡ್ವರ್ಡ್ಸ್ ಜಲಧರ ಪ್ರಾಧಿಕಾರವನ್ನು ರಚಿಸಿತು. ಒಟ್ಟು ಎಷ್ಟು ನೀರೆತ್ತಬಹುದು ಎಂಬ ಗಟ್ಟಿ ಮಿತಿ ಅದರ ತಿರುಳು.

ಮೂಲ ಕಾಯ್ದೆಯಲ್ಲಿ ಅದರ ಮಂಡಳಿ ನೇಮಕವಾಗುವಂಥದ್ದು. ಅಲ್ಲಿ ಮೊದಲಿದ್ದ ಚುನಾಯಿತ ಸಂಸ್ಥೆಯನ್ನು ಕಿತ್ತು ನೇಮಕದ ಮಂಡಳಿ ಕೂರಿಸುವುದಕ್ಕೆ ಮತದಾನದ ಹಕ್ಕುಗಳ ಕಾನೂನಿನಡಿ ಕೇಂದ್ರದ ನ್ಯಾಯ ಇಲಾಖೆ ಆಕ್ಷೇಪಿಸಿತು. 1995ರಲ್ಲಿ ಕಾಯ್ದೆ ತಿದ್ದಿ ಮಂಡಳಿ ಚುನಾಯಿತವಾಗಿರಬೇಕು ಎಂದಾಯಿತು, 1996ರಲ್ಲಿ ಪ್ರಾಧಿಕಾರ ಕೆಲಸ ಆರಂಭಿಸಿತು. ಬೆತ್ತ ಹಿಡಿದವರು ಮೇಲಿನವರೇ ಆದರೂ ಕುರ್ಚಿಯಲ್ಲಿ ಕೂರುವವರು ಜನರಿಂದ ಬರಬೇಕಾಯಿತು.

ಇದೇ ಪ್ರಾಧಿಕಾರದ ವಿರುದ್ಧ ಡೇ ಎಂಬ ಭೂಮಾಲೀಕರು ಹೂಡಿದ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟು 2012ರಲ್ಲಿ ಹೊಸ ತಿರುವು ಕೊಟ್ಟಿತು. ಅರ್ಜಿದಾರರು ಕೇಳಿದ್ದು 700 ಎಕರೆ-ಅಡಿ, ಪ್ರಾಧಿಕಾರ ಕೊಟ್ಟದ್ದು 14. ನೆಲದಡಿ ಇರುವಾಗಲೇ ನೀರು ಭೂಮಾಲೀಕನ ಆಸ್ತಿ, ನಿಯಂತ್ರಣ ಅತಿಯಾದರೆ ಪರಿಹಾರ ಕೊಡಬೇಕಾಗಬಹುದು ಎಂದಿತು ನ್ಯಾಯಾಲಯ. ಅಂದಿನಿಂದ ಪ್ರತಿ ಸಣ್ಣ ಜಿಲ್ಲೆಯೂ ಪರವಾನಗಿ ನಿರಾಕರಿಸುವ ಮುನ್ನ ವಕೀಲರ ಖರ್ಚನ್ನು ಲೆಕ್ಕ ಹಾಕುತ್ತದೆ.

7. ನಮ್ಮ ಕಡೆಗೆ ಒಂದು ನೋಟ

ಟೆಕ್ಸಾಸ್‌ನ ಕಥೆ ಕರ್ನಾಟಕದ ಸಭೆಯಲ್ಲಿ ಏಕೆ ಎಂದು ಕೇಳಬಹುದು. ಎರಡಕ್ಕೂ ಒಂದೇ ಬೇರು ಇದೆ. 1904ರ ತೀರ್ಪು ನೆಚ್ಚಿಕೊಂಡ ಅದೇ ಇಂಗ್ಲಿಷ್ ನ್ಯಾಯತತ್ವ 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಗೂ ಬಂತು. ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೆಲದಡಿಯ ನೀರನ್ನು ಭೂಮಾಲೀಕ ತನ್ನ ಎಲ್ಲೆಯೊಳಗೆ ಸಂಗ್ರಹಿಸಿ ಬಳಸಬಹುದು ಎಂಬ ಮಾತು ಅದರ 7ನೆಯ ಕಲಮಿನ ಉದಾಹರಣೆಯಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿ ದಾಟಿ ಕೊರೆಸುವ ರೈತನೂ ಡೆನಿಸನ್‌ನ ರೈಲ್ವೆಯೂ ನಿಂತಿರುವುದು ಒಂದೇ ಹಕ್ಕಿನ ಮೇಲೆ.

ನಮ್ಮಲ್ಲಿ 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆ ಬಾವಿಗೆ ಅನುಮತಿ ಬೇಕು. ಆ ಅಧಿಕಾರ ಮೇಲಿನಿಂದ ಇಳಿದು ಬಂದದ್ದು, ಅನುಮತಿ ಒಂದು ಅರ್ಜಿಯ ವ್ಯವಹಾರ. ಇನ್ನೊಂದು ಕಡೆ, 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿ ಜಲ ನಿರ್ವಹಣೆಯನ್ನು ಪಂಚಾಯಿತಿಗಳ ವಿಷಯಗಳಲ್ಲಿ ಸೇರಿಸಿದೆ. ಏಳು ರಾಜ್ಯಗಳಲ್ಲಿ, ಕರ್ನಾಟಕದಲ್ಲೂ, ಜಾರಿಗೆ ಬಂದ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೀರಿನ ಆಯವ್ಯಯ ಬರೆಸಿತು. ಲೆಕ್ಕ ಬರೆಯುವವರು ಒಂದು ಕಡೆ, ಅಪ್ಪಣೆ ಕೊಡುವವರು ಇನ್ನೊಂದು ಕಡೆ ಉಳಿದರು.

ಟೆಕ್ಸಾಸನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಗಟ್ಟಿಶಿಲೆಯ ಬಿರುಕುಗಳಲ್ಲಿ ನಿಲ್ಲುವ ನೀರೇ ಬೇರೆ, ಓಗಲಾಲಾದ ಮರಳಿನ ನೀರೇ ಬೇರೆ; ನಮ್ಮ ಹಿಡುವಳಿ ಚಿಕ್ಕದು, ಅವರದು ಬಲು ದೊಡ್ಡದು. ಆದರೆ ಅವರ ಏಳು ದಶಕಗಳ ಗೆಲುವು ಸೋಲುಗಳಿಂದ ಮೂರು ಮಾತು ನಿಚ್ಚಳವಾಗಿ ಹೊಮ್ಮುತ್ತವೆ. ನೆರೆಯವರು ತಾವೇ ಒಪ್ಪಿ ಕೊಟ್ಟ ಅಧಿಕಾರಕ್ಕೆ ಮಾತ್ರ ಹಳ್ಳಿಯಲ್ಲಿ ಬೆಲೆಯಿದೆ. ಆ ಅಧಿಕಾರದ ಜೊತೆ ಹಣವೂ ಅಳತೆಯ ಸಾಧನವೂ ಬರದಿದ್ದರೆ ಅದು ಬರಿಯ ಹೆಸರು. ಗೆರೆ ಎಳೆಯುವಾಗ ಮತಗಟ್ಟೆಯನ್ನಷ್ಟೇ ನೋಡದೆ ನೀರಿನ ಹರಿವನ್ನೂ ನೋಡಬೇಕು.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಬೋರ್‌ವೆಲ್ ನೀರು ಕುಡಿದು ಬೆಳೆದವರು. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮ ಪಂಚಾಯಿತಿಯಲ್ಲಿ ಎಷ್ಟು ಕೊಳವೆ ಬಾವಿಗಳಿವೆ, ಅವುಗಳಲ್ಲಿ ನೀರಿನ ಮಟ್ಟ ಕಳೆದ ವರ್ಷಕ್ಕಿಂತ ಎಷ್ಟು ಇಳಿದಿದೆ, ಅದನ್ನು ಅಳೆದವರು ಯಾರು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಇಲ್ಲ ಎಂದರೆ ಅದನ್ನೂ ಬರೆಸಿ. ಅಂತರ್ಜಲದ ಬಗ್ಗೆ ಮತ ಹಾಕುವ ಹಕ್ಕು ನಮಗೆ ಇನ್ನೂ ಬಂದಿಲ್ಲ. ಪ್ರಶ್ನೆ ಕೇಳುವ ಹಕ್ಕು ಇಂದೇ ನಮ್ಮ ಕೈಯಲ್ಲಿದೆ.